ಟುಗ್ಬೆಯ ಗೋರಿಗೆ ಸುಣ್ಣ

ನನಗೆ ಸವತಿ ಇರಲಿಲ್ಲ. ತಾರ್ಪೆ ಇದ್ದ.

ನಮ್ಮ ಮನ್ರೋವಿಯಾ ನಗರದಲ್ಲಿ ತಾರ್ಪೆಯನ್ನು ಅರಿಯದವರಿಲ್ಲ. ಯುರೋಪಿನಲ್ಲಿ ಕಾಲ್ಚೆಂಡು ಆಡಿ ಹೆಸರು ಮಾಡಿದ. ತಿರುಗಿ ಬಂದು ಸೆನೆಟರ್ ಆದ. ಅವನ ಮುಖ ಬಸ್ಸಿನ ಮೇಲಿದೆ, ಗೋಡೆಯ ಮೇಲಿದೆ, ಹೆಂಗಸರು ಉಡುವ ಬಟ್ಟೆಯ ಮೇಲೂ ಇದೆ. ನನ್ನ ಗಂಡ ಟುಗ್ಬೆಯ ಮುಖ ಎಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಟುಗ್ಬೆ ಕ್ರೂ ಟೌನ್ ಕೇರಿಯ ಬೆಸ್ತರ ಮನೆಯವನು. ಬಂದರಿನಲ್ಲಿ ಮೂಟೆ ಹೊರುತ್ತಿದ್ದ. ಸಂಜೆ ಸಮುದ್ರದ ದಡದಲ್ಲಿ ಆಡುತ್ತಿದ್ದ. ಎಡಚ. ತಾರ್ಪೆಗೆ ತಾಯಿ ಇರಲಿಲ್ಲ, ಟುಗ್ಬೆಯ ತಾಯಿಯ ಮಡಕೆಯಲ್ಲೇ ಉಂಡು ಬೆಳೆದ. ಇಬ್ಬರೂ ಒಂದೇ ತಂಡ. ಎಡಗಡೆಯಿಂದ ಟುಗ್ಬೆ ಚೆಂಡು ಕೊಡುವುದು, ನಡುವೆ ನಿಂತ ತಾರ್ಪೆ ಗೋಲು ಹೊಡೆಯುವುದು. ತಲೆ ಎತ್ತಿ ನೋಡದೆಯೂ ಟುಗ್ಬೆ ಅವನಿದ್ದಲ್ಲಿಗೇ ಕೊಡುತ್ತಿದ್ದ. ಗೋಲಾದ ಮೇಲೆ ಜನ ಕೂಗುತ್ತಿದ್ದದ್ದು ಒಂದೇ ಹೆಸರು.

ನಗರದ ಕಪ್ ಗೆದ್ದ ದಿನ ಕೇರಿಯವರು ತಾರ್ಪೆಯನ್ನು ಹೊತ್ತು ಮೆರೆಸಿದರು. ಹೊತ್ತವರಲ್ಲಿ ನನ್ನ ಗಂಡನೂ ಒಬ್ಬ. ಆಗಿನ್ನೂ ನನ್ನ ಗಂಡ ಆಗಿರಲಿಲ್ಲ. ಆಟ ನೋಡಲು ಬಂದಿದ್ದ ಫ್ರೆಂಚ್ ದೊರೆಯೊಬ್ಬ ತಾರ್ಪೆಯನ್ನು ತನ್ನ ದೇಶದ ತಂಡಕ್ಕೆ ಕರೆದುಕೊಂಡು ಹೋದ. ಟುಗ್ಬೆ ಮೂಟೆ ಹೊರಲು ಹೋದ. ಆ ಮಳೆಗಾಲದಲ್ಲೇ ನಮ್ಮ ಮದುವೆಯಾಯಿತು.

ಟುಗ್ಬೆಗೆ ಹೊಟ್ಟೆಕಿಚ್ಚು ಎಂಬುದು ಗೊತ್ತಿರಲಿಲ್ಲ. ಅವನ ಪಾಲಿನದನ್ನೂ ನಾನೇ ಪಟ್ಟೆ.

ಭಾನುವಾರ ರೇಡಿಯೋ ಹಾಕುತ್ತಿದ್ದ. ನಾನು ತಾಳೆಹಣ್ಣಿನ ಸಾರು ಬಡಿಸಿದರೆ ಅದು ಆರಿ ಕೆನೆಗಟ್ಟುತ್ತಿತ್ತು. ತಾರ್ಪೆಯ ಕಾಲಿಗೆ ಚೆಂಡು ಬಂದಾಗ ಇವನ ಎಡಗಾಲು ಮಂಚದ ಕೆಳಗೆ ಒದೆಯುತ್ತಿತ್ತು.

"ತಣ್ಣಗಾಯ್ತು, ಉಣ್ಣು."

"ತಡಿ ಯೂನೋ, ಅವನು ಓಡ್ತಿದಾನೆ."

"ಅವನು ಓಡಿದ್ರೆ ನಿನಗ್ಯಾಕೆ ಏದುಸಿರು?"

ಹಿರಿಮಗನಿಗೆ ತಾರ್ಪೆ ಎಂದೇ ಹೆಸರಿಟ್ಟ. ನಾನು ನನ್ನ ಅಪ್ಪನ ಹೆಸರು ಇಡಬೇಕೆಂದಿದ್ದೆ. ಅಂತರ್ಯುದ್ಧದ ವರ್ಷಗಳಲ್ಲಿ ತಾರ್ಪೆ ಯುರೋಪಿನಿಂದ ಅಕ್ಕಿ ಕಳಿಸಿದ. ಆ ಅಕ್ಕಿಯಿಂದ ನಮ್ಮ ಮಕ್ಕಳು ಬದುಕಿದರು. ಇಲ್ಲವೆನ್ನುವುದಿಲ್ಲ. ಆದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆದರೂ ತಿಂದೆ.

ಆಟ ಮುಗಿಸಿ ತಾರ್ಪೆ ಊರಿಗೆ ಬಂದ. ಸೆನೆಟಿಗೆ ನಿಲ್ಲುತ್ತೇನೆ ಎಂದ. ಅವನಿಗೆ ವೇದಿಕೆ ಮೇಲೆ ನಾಲಿಗೆ ಏಳುತ್ತಿರಲಿಲ್ಲ. ಮನೆಮನೆ ತಿರುಗಿ ಮಾತಾಡಿದವನು ನನ್ನ ಗಂಡ. ಮೀನು ಮಾರುಕಟ್ಟೆಯಲ್ಲಿ ಎದುರು ಪಕ್ಷದವನೊಬ್ಬ ಕೆಣಕಿದ.

"ಏನ್ ಟುಗ್ಬೆ, ನಿನ್ ದೋಸ್ತ ಶಾಲೆ ಬಾಗ್ಲು ನೋಡಿದಾನಾ? ಚೆಂಡಿಗೆ ಓದು ಬೇಡ. ಕಾನೂನು ಮಾಡೋಕೆ ಬೇಡ್ವಾ?"

ಟುಗ್ಬೆ ನಗುತ್ತಲೇ ಹೇಳಿದ. "ಯುದ್ಧ ಮಾಡಿಸಿದೋರು ಯಾರಣ್ಣ? ಚೆಂಡಾಡಿದೋರಾ, ಓದಿದೋರಾ?"

ಮೀನು ಮಾರುವ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಆ ಮಾತು ಊರೆಲ್ಲ ಓಡಾಡಿತು. ಕೊನೆಗೆ ಅದನ್ನು ತಾರ್ಪೆಯೇ ಹೇಳಿದ್ದು ಎಂದಾಯಿತು. ಅಲ್ಲೂ ಚೆಂಡು ಕೊಟ್ಟವನು ಇವನು.

ಮೊದಲ ಸಲ ಸೋತರು, ಎರಡನೆಯ ಸಲ ಗೆದ್ದರು. ಆ ತಿಂಗಳುಗಳಲ್ಲಿ ಟುಗ್ಬೆ ಮನೆಗೆ ಬರುವಾಗ ಗಂಟಲು ಕಟ್ಟಿರುತ್ತಿತ್ತು. ಊರಿಗೆಲ್ಲ ಮಾತು ಹಂಚಿ ನನ್ನ ಹತ್ತಿರ ಸನ್ನೆ ಮಾಡುತ್ತಿದ್ದ.

ಗೆದ್ದ ವರ್ಷವೇ ಬಂದರಿನಲ್ಲಿ ಕುಸಿದು ಬಿದ್ದ. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು. ಆಸ್ಪತ್ರೆಯಲ್ಲಿ ನಾನು ಕೈ ಹಿಡಿದು ಕೂತೆ. ಕಣ್ಣು ಮುಚ್ಚಿಯೇ "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದ. ಅದು ಮೈದಾನದಲ್ಲಿ ತಾರ್ಪೆಗೆ ಹೇಳುವ ಮಾತು. ನನ್ನ ಹೆಸರು ಬರುತ್ತದೆ ಎಂದು ಕಾದೆ. ಬರಲಿಲ್ಲ.

ಹೂಳುವ ದಿನ ತಾರ್ಪೆ ಕಾರುಗಳ ಸಾಲಿನಲ್ಲಿ ಬಂದ. ಪೆಟ್ಟಿಗೆಯ ಮೇಲೆ ಬಿದ್ದು ಅತ್ತ. ನನಗಿಂತ ಜೋರಾಗಿ ಅತ್ತ. ಜನ ಅವನಿಗೆ ನೀರು ಕೊಟ್ಟರು, ಬೆನ್ನು ಸವರಿದರು. ವಿಧವೆ ಯಾರೆಂದು ಹೊರಗಿನವರಿಗೆ ಹೇಳಬೇಕಾಗಿತ್ತು.

ಬದುಕಿದ್ದಾಗ ಅವನನ್ನು ಇಬ್ಬರೂ ಪಾಲು ಮಾಡಿಕೊಂಡಿದ್ದೆವು. ಗೋರಿಯಾದರೂ ನನ್ನೊಬ್ಬಳದಾಗಲಿ ಎಂದು ಅವತ್ತೇ ತೀರ್ಮಾನಿಸಿದೆ.

ಮಾರ್ಚಿನಲ್ಲಿ ಗೋರಿ ಸಿಂಗಾರದ ದಿನ ಬಂತು. ಅಂದು ಊರಿಗೆ ಊರೇ ಕತ್ತಿ, ಬಕೆಟ್ಟು ಹಿಡಿದು ಸ್ಮಶಾನಕ್ಕೆ ಹೋಗುತ್ತದೆ. ಹುಲ್ಲು ಕೊಯ್ದು, ಗೋರಿ ತೊಳೆದು, ಸುಣ್ಣ ಬಳಿಯುವುದು ಮನೆಯವರ ಕೆಲಸ. ಹಿಂದಿನ ದಿನವೇ ಸುಣ್ಣ ಕಲಸಿಟ್ಟಿದ್ದೆ. ನಾದಿನಿ ಮುನಾ ಜೊತೆಗೆ ಬಂದಳು.

ಹೋಗಿ ನೋಡಿದರೆ ಹುಲ್ಲು ಯಾರೋ ಕೊಯ್ದಾಗಿತ್ತು. ಗೋರಿಗೆ ತಾರ್ಪೆಯ ಪಕ್ಷದ ಬಣ್ಣ ಬಳಿದಿದ್ದರು. ಅರ್ಧ ನೀಲಿ, ಅರ್ಧ ಹಳದಿ. ತಲೆಯ ಕಡೆ ದಪ್ಪ ಅಕ್ಷರದ ಬರಹ. ನಾನು ಕೂಡಿಸಿ ಕೂಡಿಸಿ ಓದಿದೆ. "ಸೆನೆಟರ್ ತಾರ್ಪೆಯ ಎಡಗಾಲು ಇಲ್ಲಿ ಮಲಗಿದೆ."

ಮುನಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ಲ ಅತ್ತಿಗೆ, ಕಾಲು ಇಲ್ಲಿದೆ ಸರಿ. ನಮ್ಮಣ್ಣನ ಉಳಿದ ಮೈ ಎಲ್ಲಿ ಹೋಯ್ತು?"

ನನಗೆ ನಗು ಬರಲಿಲ್ಲ. ಬ್ರಷ್ಷು ಅದ್ದಿದೆ. ಮೊದಲು ಆ ಬರಹದ ಮೇಲೆ ಬಳಿದೆ. ಬಣ್ಣ ಹಸಿಯಾಗಿತ್ತು. ಸುಣ್ಣ ನಿಲ್ಲಲಿಲ್ಲ, ನೀಲಿ ಕಲಸಿಕೊಂಡು ಬಂತು. ಮತ್ತೆ ಬಳಿದೆ.

ಹಳದಿ ಟೋಪಿಯ ಪಕ್ಷದವನೊಬ್ಬ ಗೋರಿಗಳನ್ನು ದಾಟಿಕೊಂಡು ಓಡಿ ಬಂದ.

"ಅಮ್ಮಾ, ಏನ್ ಮಾಡ್ತಿದೀರಿ ನೀವು?"

"ಸುಣ್ಣ ಹೊಡೀತಿದೀನಿ. ಕಣ್ಣು ಕಾಣಲ್ವಾ?"

"ಇನ್ನೇನು ಸಾಹೇಬ್ರು ಬರ್ತಾರೆ. ಟಿವಿಯೋರೂ ಬರ್ತಾರೆ."

"ಬರ್ಲಿ. ಸುಣ್ಣ ಟಿವಿಲಿ ಬೆಳ್ಳಗೆ ಕಾಣತ್ತೆ."

"ಇದು ಪಕ್ಷದೋರು ಮಾಡಿಸಿದ್ದಮ್ಮ."

"ಪಕ್ಷದೋರು ಇವನ ಪಕ್ಕ ಮಲಗಿದ್ರಾ? ನಾನು ಮಲಗಿದ್ದೆ. ದೂರ ನಿಲ್ಲು, ಷರ್ಟಿಗೆ ಸಿಡಿಯತ್ತೆ."

ಮುನಾ ನಗು ತಡೆಯಲು ಬಾಯಿಗೆ ಬಟ್ಟೆಯ ತುದಿ ಇಟ್ಟುಕೊಂಡಳು.

ತಾರ್ಪೆ ಬಂದ. ಮೈ ಬಂದಿದೆ, ಮಂಡಿ ಹೋಗಿದೆ, ಕುಂಟುತ್ತಾನೆ. ಗೋರಿ ನೋಡಿದ, ನನ್ನ ಕೈಯ ಬ್ರಷ್ಷು ನೋಡಿದ. ಹಿಂದಿದ್ದ ಟಿವಿಯವರಿಗೆ ಗೇಟಿನ ಹತ್ತಿರ ನಿಲ್ಲಿ ಎಂದ. ಪಕ್ಕದ ಗೋರಿಯ ಅಂಚಿನಲ್ಲಿ ಕೂತ.

"ಅತ್ತಿಗೆ, ನನ್ ಕಂಡ್ರೆ ಯಾಕಿಷ್ಟು ಉರಿ ನಿನಗೆ?"

"ಇವನು ನಿನ್ನ ಕಾಲಾ?"

"ಹುಡುಗ್ರು ಬರ್ಸಿದ್ದು. ಆದ್ರೆ ಸುಳ್ಳೇನಲ್ಲ."

"ನಿನ್ನ ಕಾಲಾಗಿದ್ರೆ ಯಾಕೆ ಬಿಟ್ಟು ಹೋದೆ? ನೀನು ಹಡಗಿನಷ್ಟು ದೊಡ್ಡವನಾದೆ. ಇವನು ಮೂಟೆ ಹೊತ್ತ."

ತಾರ್ಪೆ ನನ್ನನ್ನೇ ನೋಡಿದ. "ನಿನಗೆ ಅವನು ಹೇಳಿಲ್ವಾ?"

"ಏನು?"

"ಆ ಫ್ರೆಂಚ್ ದೊರೆ ಕರೆದಿದ್ದು ಇಬ್ರನ್ನೂ. ಟುಗ್ಬೆ ಬರಲ್ಲ ಅಂದ. ಅದೇ ವಾರ ನಿಮ್ಮಪ್ಪನ ಮನೆಗೆ ಹೆಣ್ಣು ಕೇಳೋಕೆ ಕೋಲಾ ಕಾಯಿ ಕಳಿಸಿದ್ದ. ನಾನು ಕಾಲು ಹಿಡಿದೆ ಅತ್ತಿಗೆ. ಒಂದು ವರ್ಷ ಬಾ, ಆಮೇಲೆ ಮದುವೆ ಆಗು ಅಂದೆ. ಅಷ್ಟೊತ್ತಿಗೆ ಅವಳು ಬೇರೆಯವನ ಒಲೆ ಹಚ್ಚಿರ್ತಾಳೆ ಅಂದ."

ನಾನು ಬ್ರಷ್ಷನ್ನು ಮತ್ತೆ ಸುಣ್ಣಕ್ಕೆ ಅದ್ದಿದೆ.

"ಅಲ್ಲಿ ಎಡಗಡೆ ಎಷ್ಟೋ ಜನ ಆಡಿದ್ರು. ನಾನು ನಿಂತಲ್ಲಿಗೆ ಒಬ್ಬನೂ ಕೊಡ್ಲಿಲ್ಲ. ಚೆಂಡು ತಪ್ಪಿದಾಗೆಲ್ಲ ನಿನ್ನೇ ಬೈದಿದೀನಿ. ಹೊಟ್ಟೆ ಉರಿಯೋದು ನಿನಗೊಬ್ಬಳಿಗೇ ಅಂದ್ಕೊಂಡಿದ್ಯಾ?"

ಬ್ರಷ್ಷಿನಿಂದ ಸುಣ್ಣ ನನ್ನ ಪಾದದ ಮೇಲೆ ತೊಟ್ಟಿಕ್ಕಿತು. ಸಂತೋಷವಾಗಬೇಕಿತ್ತು. ಆಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಅಷ್ಟು ವರ್ಷ ಒಂದೇ ಮಂಚದಲ್ಲಿ ಮಲಗಿದವನು ಇದನ್ನು ನನಗೆ ಹೇಳಿರಲಿಲ್ಲ. ತಾರ್ಪೆಗೆ ಗೊತ್ತಿತ್ತು. ನನ್ನ ಗಂಡ ನನ್ನನ್ನು ಆರಿಸಿಕೊಂಡ ಎಂಬ ಮಾತನ್ನೂ ಈ ತಾರ್ಪೆಯ ಬಾಯಿಂದಲೇ ಕೇಳಬೇಕಾಯಿತು.

ಅವನು ಕೋಟು ಬಿಚ್ಚಿದ. ಬೂಟು ಬಿಚ್ಚಿದ. ಕೈ ಚಾಚಿದ.

"ಒಂದು ಬ್ರಷ್ಷು ಕೊಡು."

"ಇದು ಮನೆಯವರ ಕೆಲಸ."

"ಅವನಮ್ಮನ ಮಡಕೇಲಿ ಉಂಡವನು ಯಾರು ಮತ್ತೆ?"

ಮುನಾ ತನ್ನ ಬ್ರಷ್ಷನ್ನು ಅವನ ಕಡೆ ಚಾಚಿ ನನ್ನ ಮುಖ ನೋಡಿದಳು. ಅವಳೂ ಉಂಡದ್ದು ಅದೇ ಮಡಕೆಯಲ್ಲಿ.

"ಕಾಲ ಕಡೆ ಬಳಿ," ಎಂದೆ. "ತಲೆ ಕಡೆ ನನ್ನದು. ಈಚೆ ಬರಬೇಡ."

ಮಂಡಿ ಬಗ್ಗದೆ ನೆಲದ ಮೇಲೇ ಕೂತು ಬಳಿದ. ಒಳ್ಳೆಯ ಪ್ಯಾಂಟೆಲ್ಲ ಮಣ್ಣಾಯಿತು. ಬಳಿಯುತ್ತಾ ಅತ್ತ. ಈ ಸಲ ಸದ್ದಿಲ್ಲದೆ ಅತ್ತ. ಟೋಪಿಯವನು ಬಂದು, ಸಾಹೇಬ್ರೇ, ಒಂದೇ ಒಂದು ಫೋಟೋ ಎಂದ. ತಾರ್ಪೆ ತಲೆ ಎತ್ತದೆ, "ಹೋಗೋ," ಎಂದ.

ತಾರ್ಪೆ ಹೊರಟ ಮೇಲೆ ನಾನು ಇದ್ದಿಲಿನಿಂದ ತಲೆಯ ಕಡೆ ಬರೆದೆ. "ಟುಗ್ಬೆ. ಯೂನೋಳ ಗಂಡ." ಅಕ್ಷರ ಸೊಟ್ಟಗಿವೆ. ಆದರೂ ಓದಬಹುದು.

ಮುನಾ ಬಕೆಟ್ಟು ಎತ್ತಿಕೊಂಡು, "ನಡಿ ಅತ್ತಿಗೆ, ಬಿಸಿಲು ಏರ್ತಿದೆ," ಎಂದಳು.

ನಾನು ಕಾಲ ಕಡೆ ಹೋಗಿ ನೋಡಿದೆ. ತಾರ್ಪೆ ಬಳಿದದ್ದು ನುಣುಪಾಗಿತ್ತು. ನನ್ನ ಕಡೆ ಇನ್ನೂ ನೀಲಿ ಇಣುಕುತ್ತಿತ್ತು, ಅವನ ಕಡೆ ಹಳದಿಯ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ.

ಬಕೆಟ್ಟಿನ ತಳದಲ್ಲಿ ಸ್ವಲ್ಪ ಸುಣ್ಣ ಉಳಿದಿತ್ತು. ಮೇಲಿನದು ನನ್ನದಿರಲಿ ಎಂದು, ಅದನ್ನು ಅವನು ಬಳಿದ ಕಡೆಯೇ ಇನ್ನೊಂದು ಸಲ ಬಳಿದು ಮನೆಗೆ ಬಂದೆ.