ಮೈದುನನ ಉದ್ದದ ಬಸ್ಸು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಮಗನ ಮದುವೆಯಾಗಿ ಬಹಳ ವರ್ಷದ ಮೇಲೆ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಹಿಗ್ಗು ತಡೆಯಲಾರದೆ ಬರೆಯಲು ಕೂತಿದ್ದೇನೆ. ಆದರೆ ಹಿಗ್ಗಿನ ಮಾತು ಇಷ್ಟೇ. ಮಿಕ್ಕಿದ್ದೆಲ್ಲ ನನ್ನ ಮೈದುನನ ಬಸ್ಸಿನ ಮೇಲಿನ ಸಿಟ್ಟು.

ಜಾಲಹಳ್ಳಿಯಲ್ಲಿ ಮಗನ ಕ್ವಾರ್ಟರ್ಸು ಚಿಕ್ಕದು. ಹುಣಸಮಾರನಹಳ್ಳಿಯ ನಮ್ಮ ಮನೆಯಲ್ಲಿ ಹೆಂಚು ಇಳಿಸಿ ರಿಪೇರಿ ನಡೆಯುತ್ತಿತ್ತು. ನಾಮಕರಣ ಎಲ್ಲಿ ಎಂದು ತಲೆ ಕೆಡಿಸಿಕೊಂಡಿರುವಾಗ ಮೈದುನ ಬಂದ. ಗುಜರಿಗೆ ಹೋಗಬೇಕಿದ್ದ ಬಸ್ಸೊಂದನ್ನು ಕೊಂಡು, ಸೀಟು ಕಿತ್ತು, ಹಲಗೆ ಹಾಸಿ, ಸೀಮೆಎಣ್ಣೆ ಒಲೆ ಇಟ್ಟು ಮನೆ ಮಾಡಿಕೊಂಡಿದ್ದಾನೆ. ಜಕ್ಕೂರು ಕೆರೆ ಪಕ್ಕ ಬೀಡು ಬಿಡೋಣ, ಅಲ್ಲೇ ತೊಟ್ಟಿಲು, ಅಲ್ಲೇ ಊಟ ಎಂದ. ಸೂರ್ಯ ಮುಳುಗುವುದರೊಳಗೆ ಹೆಸರಿಡಬೇಕು, ಮತ್ತೆ ಒಳ್ಳೆಯ ದಿನ ಹತ್ತಿರದಲ್ಲಿಲ್ಲ, ಸುಮ್ಮನೆ ಒಂದು ಚಿಕ್ಕ ವ್ಯಾನು ತರಬಾರದೇ ಎಂದೆ.

"ಉದ್ದ ಇದ್ರೇ ಕಣತ್ತಿಗೆ ಅದನ್ನ ಮನೆ ಅನ್ನೋದು," ಅಂದ.

ಎತ್ತಿನ ಗಾಡಿಯ ಗುಣ ನೋಡಿ. ಎತ್ತು ಬಿಚ್ಚಿ, ನೊಗ ಎತ್ತಿ, ಇಬ್ಬರು ತಳ್ಳಿದರೆ ಯಾವ ಮರದ ಕೆಳಗಾದರೂ ಮುದುರಿಕೊಳ್ಳುತ್ತದೆ. ಬಸ್ಸಿಗೆ ಆ ವಿನಯವಿಲ್ಲ. ನಾಮಕರಣದ ದಿನ ನಮ್ಮನ್ನೆಲ್ಲ ತುಂಬಿಕೊಂಡು ಹೋಗಿ ಕೆರೆ ಏರಿಗೆ ಮೂತಿ ಹಾಕಿತು. ತಿರುಗಲು ಜಾಗವಿಲ್ಲದೆ ಬಂದ ದಾರಿಯಲ್ಲೇ ಹಿಂದಕ್ಕೆ ತೆವಳಿತು. ಆಮೇಲೆ ಒಂದು ಮಾವಿನ ತೋಪು. ತೋಪಿನ ಯಜಮಾನರೇನೋ ಒಪ್ಪಿದರು. ಮುಂದಿನ ಚಕ್ರ ಗೇಟು ದಾಟಿತು, ಹಿಂದಿನದು ರಸ್ತೆಯಲ್ಲೇ ಉಳಿಯಿತು. ಲಾರಿಗಳು ಹಾರ್ನು ಬಡಿದುಕೊಂಡವು. ಯಜಮಾನರು ಬಸ್ಸಿನುದ್ದಕ್ಕೂ ನಡೆದು ನೋಡಿ ಬಂದರು.

"ಮೂತಿ ಬಂತು ಸರಿ, ಬಾಲ ಇನ್ನೂ ಯಲಹಂಕದಾಗೈತಲ್ಲಪ್ಪಾ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಿಸಿಲು ಇಳಿಯುತ್ತಿತ್ತು, ಮಗು ಹೆಸರಿಲ್ಲದೆ ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು.

ಕೊನೆಗೆ ರಸ್ತೆ ಬದಿಗೆ ಒಂದು ಕಣ ಕಾಣಿಸಿತು. ಸಾರಿಸಿಟ್ಟಿದ್ದರು, ರಾಗಿ ಇನ್ನೂ ಬಂದಿರಲಿಲ್ಲ. ಮೈದುನ ಮಾತು ಹುಡುಕುತ್ತಿರುವಾಗ ನಾನೇ ಇಳಿದು ಕಣದ ಒಡತಿಗೆ ಮಗುವಿನ ಮುಖ ತೋರಿಸಿ ವಿಷಯ ಹೇಳಿದೆ.

"ಮಗೀಗೆ ಇನ್ನೂ ಎಸ್ರು ಮಡಗಿಲ್ವಾ? ಬಿರ್ರನೆ ನಿಲ್ಸಿ ಮತ್ತೆ," ಅಂದಳು.

ಬಸ್ಸು ಕಣದ ಅಂಚಿಗೆ ಉದ್ದಕ್ಕೆ ಒರಗಿ ನಿಂತಿತು. ಒಳಗಿನ ಕಂಬಿಗೆ ಸೀರೆ ತೊಟ್ಟಿಲು ಕಟ್ಟಿದೆವು. ಸೂರ್ಯ ಒಂಚೂರು ಉಳಿದಿರುವಾಗ ನನ್ನ ಮಗಳು, ಮಗುವಿನ ಸೋದರತ್ತೆ, ಕಿವಿಯಲ್ಲಿ ಕಮಲಾ ಎಂದಳು.

ನಮ್ಮ ಕಡೆ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಪಂಕ್ತಿ. ಜಾಗ ಸಾಲುವುದಿಲ್ಲ ಎನ್ನುವುದು ಹಳೆಯ ನೆಪ. ಆರಿದ ಸಾರು ನನಗೆ ರೂಢಿಯಾಗಿಬಿಟ್ಟಿದೆ. ಆ ಸಂಜೆ ಬಸ್ಸಿನ ಮೂತಿಯಿಂದ ಬಾಲದವರೆಗೆ ಗಂಡಸರಿಗೂ ಹೆಂಗಸರಿಗೂ ಒಂದೇ ಸಾಲು ಎಲೆ ಹಾಕಿದರೂ ಜಾಗ ಮಿಕ್ಕಿತು. ಕಣದ ಒಡತಿಯನ್ನೂ ಕೂರಿಸಿದೆವು. ಪಾತ್ರೆಗಳು ಕೈಯಿಂದ ಕೈಗೆ ಹೋದವು. ಬಾಣಂತಿ ಸೊಸೆಯ ಪಕ್ಕ ಕೂತು ಬಿಸಿ ಅನ್ನಕ್ಕೆ ಬಿಸಿ ಸಾರು ಕಲೆಸಿದೆ. ಮೈದುನ ಆ ತುದಿಯಿಂದ ಬಗ್ಗಿ ನನ್ನನ್ನೇ ನೋಡುತ್ತಿದ್ದ. ನಾನು ಹಪ್ಪಳ ಮುರಿದೆ. ವ್ಯಾನಿನ ಮಾತು ಎತ್ತಲಿಲ್ಲ.