ಮದುವೆ ತಪ್ಪಿಸಿದ ಸುಳ್ಳು

ಮೊನ್ನೆ ಮಗರಪಟ್ಟಾದ ನಮ್ಮ ಫ್ಲ್ಯಾಟಿನ ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿಯತೊಡಗಿದರು. ಘಾಟು ಬಾಗಿಲ ಸಂದಿಯಿಂದ ನುಗ್ಗಿ ಬಂತು. ನಾನು ಸೀನಿದೆ; ಸೀನಿದವಳೇ ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ಮಗಳು ಬಿದ್ದು ಬಿದ್ದು ನಕ್ಕಳು. ಅವಳಿಗೇನು ಗೊತ್ತು, ನಾವು ಮೊದಲಿದ್ದ ಸದಾಶಿವ ಪೇಠದ ವಾಡೆಯೆಂಬ ಹಳೇ ವಠಾರದಲ್ಲಿ, ಕೆಳಗಿನ ಮನೆಯ ಆಚಾರ್ಯರ ಅಡುಗೆಮನೆಯಲ್ಲಿ ಅಂಟಿದ ಅಭ್ಯಾಸವಿದು...

ಆಚಾರ್ಯರು ಧಾರವಾಡದ ಕಡೆಯವರು. ಏಕಾದಶಿಯ ಸಂಜೆ ಆ ಮರಾಠಿ ಊರಿನಲ್ಲಿದ್ದ ನಮ್ಮಂಥ ನಾಲ್ಕಾರು ಕನ್ನಡದ ಮನೆಯವರನ್ನು ಅಂಗಳದಲ್ಲಿ ಕೂರಿಸಿಕೊಂಡು ಪುರಾಣ ಹೇಳುತ್ತಿದ್ದರು. ಸುಳ್ಳು ಅವರ ನಾಲಗೆಗೆ ಒಗ್ಗುತ್ತಿರಲಿಲ್ಲ. ಅವರ ಹೆಂಡತಿ, ನಮಗೆಲ್ಲ ಅಜ್ಜಿ, ಸಾರು ಹೇಗಿದೆಯೆಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳಿ, ಮರುದಿನ ಬರೀ ಮಜ್ಜಿಗೆ ಅನ್ನ ಉಣ್ಣುತ್ತಿದ್ದರು.

ಒಂದು ಏಕಾದಶಿಯಂದು ಸತ್ಯವನ್ನೇ ವ್ರತ ಮಾಡಿಕೊಂಡ ತಪಸ್ವಿಯ ಕತೆ ಹೇಳಿದರು. ಪ್ರಾಣಭಯದಿಂದ ಓಡಿಬಂದವರು ಅವನ ಕಣ್ಣೆದುರೇ ಪೊದೆಯಲ್ಲಿ ಅಡಗುತ್ತಾರೆ. ಬೆನ್ನಟ್ಟಿ ಬಂದ ಕಳ್ಳರು ಕೇಳಿದಾಗ ಆತ ಪೊದೆಯತ್ತ ಬೆರಳು ತೋರಿಸುತ್ತಾನೆ. ನಿಜ ಹೇಳಿದ್ದಕ್ಕೇ ಅವನಿಗೆ ನರಕವಾಯಿತಂತೆ.

ಅದಾದ ಕೆಲವೇ ದಿನಕ್ಕೆ ಬೆಳಗಾವಿ ಕಡೆಯಿಂದ ನನ್ನ ದೊಡ್ಡಪ್ಪ ಹೇಳದೆ ಕೇಳದೆ ಬಂದರು. ಅಪ್ಪ ತೀರಿದ ಮೇಲೆ ಮನೆತನದ ಹಿರಿಯರು ಅವರೇ. ನಾನು ಒಲ್ಲೆನೆಂದಿದ್ದ ಹುಡುಗನೊಡನೆಯೇ ನಿಶ್ಚಯ ಗೊತ್ತುಮಾಡಿ, ನನ್ನನ್ನು ಕರೆದೊಯ್ಯಲು ಬಂದಿದ್ದರು. ಬಿ.ಎಡ್. ಪರೀಕ್ಷೆ ಎದುರಿಗಿತ್ತು, ಅವ್ವ ಕೆಲಸಕ್ಕೆ ಹೋಗಿದ್ದಳು. ಕಿಟಕಿಯಿಂದ ಅವರನ್ನು ಕಂಡವಳೇ ಕೆಳಗೋಡಿ, ಪಡಸಾಲೆಯಲ್ಲಿ ಕೂತಿದ್ದ ಆಚಾರ್ಯರನ್ನು ದಾಟಿ ಅವರ ಅಡುಗೆಮನೆ ಹೊಕ್ಕೆ. ಅಜ್ಜಿ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದರು. ನನ್ನ ಮುಖ ನೋಡಿದವರೇ ಬಾಗಿಲು ಮುಂದೆ ಮಾಡಿದರು.

ಮೇಲೆ ಬೀಗವೂ ಇಲ್ಲ, ಮನುಷ್ಯರೂ ಇಲ್ಲದ್ದನ್ನು ಕಂಡು ದೊಡ್ಡಪ್ಪ ಕೆಳಗಿಳಿದು ಬಂದರು.

"ಆಚಾರ್ರ, ನೀವು ಸುಳ್ಳು ಹೇಳಾವ್ರಲ್ಲ. ನಮ್ಮ ಹುಡುಗಿ ಇಲ್ಲಿ ಬಂದಾಳೇನ್ರಿ?"

"ಇಲ್ರಿ."

ಆಗಲೇ ನಾನು ಸೀನಿದೆ.

"ಒಳಗ ಯಾರ್ರಿ?"

"ನಮ್ಮಾಕಿ. ಮೆಣಸಿನಕಾಯಿ ಹುರೀಲಿಕತ್ತಾಳ."

ತಕ್ಷಣ ಅಜ್ಜಿ, ಬಾರದ ಸೀನನ್ನು ಎಳೆದು ತಂದು, ಇಡೀ ವಾಡೆಗೆ ಕೇಳುವಂತೆ ಸೀನಿದರು. ದೊಡ್ಡಪ್ಪ ಹೊಸ್ತಿಲ ಕಡೆ ಒಮ್ಮೆ ನೋಡಿ, ನೀರು ಕುಡಿದು, ಊರಿನ ಬಸ್ಸು ಹಿಡಿದರು. ಆ ನಿಶ್ಚಯ ಮುರಿದುಬಿತ್ತು.

ನಾನು ಅಳುತ್ತಾ, "ನನ್ನ ಸಲುವಾಗಿ ನಿಮಗ ಪಾಪ ಬಂತಲ್ರಿ" ಎಂದೆ.

"ಮದಿವಿ ಮಾಡಸಲಿಕ್ಕ ಸುಳ್ಳು ಹೇಳಬಹುದು ಅಂತ ಶಾಸ್ತ್ರದಾಗ ಅದ, ತಂಗಿ. ತಪ್ಪಸಲಿಕ್ಕ ಹೇಳಬಹುದು ಅಂತ ಎಲ್ಲೂ ಇಲ್ಲ. ಅದನ್ನ ನಾ ಸೇರಿಸೀನಿ!" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ಮೊದಲನೇ ಸುಳ್ಳು ನಿನ್ನ ಸಲುವಾಗಿ ಹೇಳಿದೆ. ಎರಡನೇದು ಮೊದಲನೇದರ ಸಲುವಾಗಿ. ಅದು ಭಾಳ ಕೆಟ್ಟದ್ದು ನೋಡು" ಎಂದರು. ಮುಂದಿನ ಏಕಾದಶಿಗೆ ನೀರನ್ನೂ ಮುಟ್ಟಲಿಲ್ಲ.

ಕೆಲವು ವರ್ಷಗಳ ಮೇಲೆ, ನಾನು ಮೆಚ್ಚಿದವನೊಡನೆ ನನ್ನ ಮದುವೆಯಾಯಿತು. ಊಟದ ಪಂಕ್ತಿಯಲ್ಲಿ ಆಚಾರ್ಯರು ದೊಡ್ಡಪ್ಪನ ಪಕ್ಕಕ್ಕೇ ಹೋಗಿ ಕೂತು ಕೈಮುಗಿದರು. "ಅವತ್ತ ನಾ ನಿಮಗ ಸುಳ್ಳು ಹೇಳಿದ್ನಿರಿ."

ದೊಡ್ಡಪ್ಪ ಹೋಳಿಗೆ ಮುರಿಯುತ್ತಾ ಹೇಳಿದರು: "ಗೊತ್ತಿತ್ರಿ. ನಾನ ಕೊಡಿಸಿದ ಕೊಲ್ಲಾಪುರಿ ಚಪ್ಪಲಿ ನಿಮ್ಮ ಬಾಗಿಲದಾಗ ಇದ್ವು. ನಿಮ್ಮಂಥಾವ್ರು ಸುಳ್ಳು ಹೇಳಬೇಕಾತಂದ್ರ, ನಾ ಮಾಡೋದರಾಗ ಏನೋ ತಪ್ಪದ ಅನಿಸ್ತು. ಹೊಳ್ಳಿ ಹೋದೆ."

ಆಚಾರ್ಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ...

ಈಗ ಆಚಾರ್ಯರಿಲ್ಲ, ಅಜ್ಜಿಯೂ ಇಲ್ಲ. ವಾಡೆ ಕೆಡವಿದ ಜಾಗದಲ್ಲಿ ಕೋಚಿಂಗ್ ಕ್ಲಾಸಿನ ಕಟ್ಟಡ ನಿಂತಿದೆ. ಯಾವುದಾದರೂ ಮಾತನ್ನು ಹೇಳಲೋ ಬೇಡವೋ ಎಂದು ಮನಸ್ಸು ಹೊಯ್ದಾಡಿದರೆ, ಕೆಳಗಿಳಿದು ಕೇಳಿಕೊಂಡು ಬರೋಣವೆಂದು ಇವತ್ತಿಗೂ ಎದ್ದು ನಿಲ್ಲುತ್ತೇನೆ. ಈ ಫ್ಲ್ಯಾಟಿನ ಕೆಳಗಿನ ಮನೆಯಲ್ಲಿ ಯಾರಿದ್ದಾರೆಂಬುದೇ ನನಗೆ ಗೊತ್ತಿಲ್ಲ.