ಸಮುರಾಯನ ಅಂಗಡೀಲಿ ಅರ್ಧ ಗಡ್ಡ

ನನ್ನ ಎಡಗಿವಿ ಅಂಚಲ್ಲಿ ಒಂದು ಸಣ್ಣ ಕಚ್ಚು ಇದೆ. ಅದು ಹೇಗಾಯ್ತು ತಾತ ಅಂತ ಮೊಮ್ಮಕ್ಕಳು ಕೇಳ್ದಾಗೆಲ್ಲ ಬೇರೆ ಬೇರೆ ಕಥೆ ಹೇಳಿದೀನಿ. ಹಿರಿಯವಳಿಗೆ ಹುಲಿ ಕಚ್ಚಿದ್ದು ಅಂದೆ. ಎರಡನೆಯವನಿಗೆ ರೈಲಿನ ಕಥೆ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದ್ದೆ, ಎದುರು ಬಂದ ರೈಲಲ್ಲಿ ಇನ್ನೊಬ್ಬ ತಾತನೂ ತಲೆ ಹೊರಗೆ ಹಾಕಿದ್ದ, ಕಿವಿಗೆ ಕಿವಿ ಉಜ್ಜಿ ಬೆಂಕಿ ಕಿಡಿ ಹಾರ್ತು ಅಂದೆ. ಚಿಕ್ಕವಳು ಮಾತ್ರ ಏನೂ ನಂಬಲ್ಲ. "ಹುಲಿ ಅಷ್ಟು ಚೂರೇ ತಿಂದು ಯಾಕೆ ಬಿಟ್ಬಿಡ್ತು?" ಅಂತಾಳೆ. "ರುಚಿ ನೋಡಿ ಬೇಡ ಅಂತು ಕಣೇ" ಅಂತೀನಿ.

ನಿಜ ಹೇಳ್ಬೇಕಂದ್ರೆ ಅದು ನಮ್ಮ ಬೀದಿ ಕೊನೇಲಿರೋ ಕಟಿಂಗ್ ಶಾಪಿನವನ ಕೆಲಸ. ಹೇಳೋಕೆ ಹೊರಟಿರೋದು ಅವನ ಕಥೇನೇ.

ಆಗಿನ್ನೂ ವಯಸ್ಸಿನವನು. ಆಳು ಸಣಕಲು, ಕೋಪ ಮಾತ್ರ ಎತ್ತರ. ಒಲೆ ಮೇಲಿಟ್ಟ ಹಾಲಾದ್ರೂ ಉಕ್ಕೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ, ಇವನಿಗೆ ಅದೂ ಬೇಡ. ಫ್ಯಾನು ನಿಧಾನಕ್ಕೆ ತಿರುಗಿದ್ರೆ ಫ್ಯಾನಿಗೆ ಬೈಯ್ಯೋನು. ಕನ್ನಡಿ ಮೇಲೆ ನೊಣ ಕೂತ್ರೆ ನೊಣಕ್ಕೂ ಬೈಗುಳ, ಕನ್ನಡಿಗೂ ಬೈಗುಳ. ಒಂದ್ಸಲ ಅವನು ಕೂಗಿದ ಏಟಿಗೆ ಎದುರಿನ ಮೆಡಿಕಲ್ ಸ್ಟೋರಲ್ಲಿ ಮಾತ್ರೆಗಳೆಲ್ಲ ಶೀಶೆಯೊಳಗೆ ಎದ್ದು ನಿಂತಿದ್ವು. ನಾನೇ ಕಣ್ಣಾರೆ ನೋಡಿದೀನಿ.

ಆವತ್ತು ನನಗೆ ಶೇವಿಂಗ್ ಮಾಡ್ತಾ ರೇಡಿಯೋದಲ್ಲಿ ಕ್ರಿಕೆಟ್ ಕೇಳ್ತಿದ್ದ. ಯಾರೋ ಒಬ್ಬ ಕ್ಯಾಚ್ ಬಿಟ್ಟ. ಇವನು ಹಲ್ಲು ಕಡಿದು ಕತ್ತಿ ಹಿಡಿದ ಕೈ ಎತ್ತಿದ. ಕ್ಯಾಚ್ ಬಿಟ್ಟವನು ಎಲ್ಲೋ ದೂರದ ಮೈದಾನದಲ್ಲಿ, ಕಿವಿ ಮಾತ್ರ ನಂದು.

ರಕ್ತ ನೋಡಿದ್ದೇ ತಡ, ಅವನ ಮುಖದಲ್ಲಿ ರಕ್ತ ಇರಲಿಲ್ಲ. ಪಟಿಕ ಒತ್ತಿದ, ಬಟ್ಟೆ ಕಟ್ಟಿದ, ಆಮೇಲೆ ಕೂದಲು ಬಿದ್ದಿರೋ ನೆಲದ ಮೇಲೇ ಕುಸಿದು ಕೂತ. "ಸ್ವಲ್ಪ ಕೆಳಗೆ ಬಿದ್ದಿದ್ರೆ ಕುತ್ತಿಗೆ" ಅಂದ. ನನಗೆ ಅಲ್ಲ, ಅವನಿಗೆ ಅವನೇ ಹೇಳ್ಕೊಂಡ.

ಕೆಲವು ದಿನ ಅಂಗಡಿ ಬಾಗಿಲು ಹಾಕಿತ್ತು. ಮತ್ತೆ ತೆಗೆದಾಗ ಆಸಾಮಿ ಬೇರೆ. ಗಿರಾಕಿಗಳು ಕಾಯೋ ಬೆಂಚಿನ ಮೇಲೆ ಹಳೇ ವಾರಪತ್ರಿಕೆಗಳ ರಾಶಿ ಇರುತ್ತಲ್ಲ, ಎಣ್ಣೆ ಕಲೆ ಆಗಿ, ಮೊದಲ ಹಾಳೆ ಹರಿದು ಹೋಗಿ? ಅದರಲ್ಲೊಂದರಲ್ಲಿ ಜಪಾನಿನ ಸಮುರಾಯ್ ಯೋಧರ ಬಗ್ಗೆ ಏನೋ ಬಂದಿತ್ತಂತೆ. ಬಾಗಿಲು ಹಾಕ್ಕೊಂಡು ಅದನ್ನೇ ಓದಿದಾನೆ.

"ನೋಡಿ ಯಜಮಾನ್ರೇ," ಅಂದ. "ಅವರ ಸೊಂಟದಲ್ಲಿ ಸದಾ ಕತ್ತಿ. ನನ್ನ ಕೈಯಲ್ಲೂ ಸದಾ ಕತ್ತಿ. ಅವರದ್ದು ಇನ್ನೊಬ್ಬರ ಕುತ್ತಿಗೆವರೆಗೆ ಬರೋದು ಯಾವಾಗ್ಲೋ ಒಮ್ಮೆ. ನಂದು ಬೆಳಗಿಂದ ಸಂಜೆವರೆಗೂ ಅಲ್ಲೇ ಇರುತ್ತೆ. ಅವರಿಗೇ ಅಷ್ಟು ಹಿಡಿತ ಬೇಕಿತ್ತು ಅಂದ್ರೆ ನನಗೆ ಎಷ್ಟು ಬೇಕು, ಹೇಳಿ?"

"ನನ್ನ ಕಿವಿ ಹೋಗೋ ಮುಂಚೆ ಓದಬಾರದಿತ್ತಾ ಮಾರಾಯ?" ಅಂದೆ.

ಅಲ್ಲಿಂದ ಶುರುವಾಯ್ತು ಅವನ ವ್ರತ. ಬೆಳಿಗ್ಗೆ ಬಂದು ನೆಲ ಗುಡಿಸಿ, ಕತ್ತಿಗಳನ್ನ ಒರೆಸಿ, ಗಿರಾಕಿ ಕುರ್ಚೀಲಿ ತಾನೇ ಕೂತು ಕನ್ನಡೀಲಿ ತನ್ನ ಮುಖಕ್ಕೆ ಹೇಳ್ಕೊಳ್ಳೋನು: "ಇರೋದು ಇವತ್ತೊಂದೇ ದಿನ. ನೆಟ್ಟಗೆ ಮಾಡು." ಮನೇಲೂ ಇದನ್ನೇ ಹೇಳಿದಾನೆ. ಹೆಂಡತಿ, "ಇವತ್ತೊಂದೇ ದಿನ ಆದ್ರೆ ನಾಳೆ ಒಗೆಯೋ ಬಟ್ಟೇನ ಇವತ್ತೇ ನೀವು ಒಗೆದ್ಬಿಡಿ" ಅಂದ್ಲಂತೆ.

ಕತ್ತಿ ಹಿಡಿಯೋ ಮುಂಚೆ ಪ್ರತಿ ಗಿರಾಕಿಗೂ ಸೊಂಟ ಬಗ್ಗಿಸಿ ನಮಸ್ಕಾರ ಮಾಡೋ ಪದ್ಧತಿ ಇಟ್ಕೊಂಡ. ರಿಟೈರ್ಡ್ ಹೆಡ್‌ಮಾಸ್ಟರಿಗೆ ಸಂಕೋಚ ಆಗಿ ಅವರೂ ಬಗ್ಗಿದ್ರು. ಇಬ್ಬರ ತಲೇನೂ ಢೀ ಅಂತು. ಆವತ್ತಿಂದ ಬೀದಿಯವರೆಲ್ಲ ಅವನನ್ನ ಸಮುರಾಯ ಅನ್ನೋಕೆ ಶುರು ಮಾಡಿದ್ರು, ನಮ್ಮವನೇ ಯಾರೋ ಒಬ್ಬ ರಾಯ ಅನ್ನೋ ಹಾಗೆ.

ಎಲ್ಲಕ್ಕಿಂತ ದೊಡ್ಡದು ಬೋರ್ಡು. ಕೋಪ ಇರೋವಾಗ ಕತ್ತಿ ಮುಟ್ಟಬಾರದು ಅನ್ನೋದು ಅವನ ನಿಯಮ. ಒಂದು ರಟ್ಟಿನ ಮೇಲೆ ಬರೆಸಿ ಬಾಗಿಲಿಗೆ ನೇತು ಹಾಕಿದ: "ಕೋಪ ಬಂದಿದೆ. ಇವತ್ತು ಕಟಿಂಗ್ ಮಾತ್ರ." ಹಿಂದುಗಡೆ, "ಬನ್ನಿ." ಕೋಪ ಬಂದ್ರೆ ತಿರುಗಿಸೋನು, ಹೋದ್ರೆ ಮತ್ತೆ ತಿರುಗಿಸೋನು. "ಕತ್ತರಿ ಪರವಾಗಿಲ್ವೇನಯ್ಯಾ?" ಅಂದೆ. "ಕತ್ತರೀಲಿ ಎರಡು ಅಲಗು ಇದಾವೆ, ಒಂದು ದುಡುಕಿದ್ರೆ ಇನ್ನೊಂದು ಬುದ್ಧಿ ಹೇಳುತ್ತೆ. ಕತ್ತಿ ಒಂಟಿ, ನನ್ನ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ" ಅಂದ.

ಬೋರ್ಡಿನ ವಿಷಯದಲ್ಲಿ ಸುಳ್ಳು ಅನ್ನೋದೇ ಇಲ್ಲ. ಮದುವೆ ಗಂಡೇ ಬಂದು ನಿಂತ್ರೂ ಸರಿ, ಕೋಪ ಇದ್ರೆ ಇದೆ. ಬರ್ತಾ ಬರ್ತಾ ಬೋರ್ಡು ತಿರುಗೋದೇ ಕಮ್ಮಿ ಆಯ್ತು. ಅದರ ಮೇಲೆ ಧೂಳು ಕೂತಿದ್ದು ನೋಡಿ ನಾವೆಲ್ಲ ಹೆಮ್ಮೆ ಪಟ್ವಿ.

ಅವನಿಗೆ ಒಬ್ಬಳೇ ಮಗಳು. ಅಂಗಡೀಲೇ ಬೆಳೆದ ಹುಡುಗಿ. ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೀದ ಹಾಗೆ ಕತ್ತೀಲಿ ನೊರೆ ತೆಗೆಯೋದನ್ನ ಅಪ್ಪ ಕಲಿಸಿದ್ದ. ಅಪ್ಪನ ಕೈಯೂ ಬಂದಿತ್ತು, ಅಪ್ಪನ ಕೋಪವೂ ಬಂದಿತ್ತು. ಒಂದು ಬಲೂನು ಒಡೆದ್ರೆ ಸಿಟ್ಟಿಗೆ ಉಳಿದದ್ದನ್ನೂ ತಾನೇ ಒಡೆಯೋಳು. ದೊಡ್ಡವಳಾಗಿ ಬ್ಯೂಟಿ ಪಾರ್ಲರಿಗೆ ಕೆಲಸಕ್ಕೆ ಸೇರಿದ್ಲು. ಆ ಕಟ್ಟಡದ ಲಿಫ್ಟು ಆಗಾಗ ಕೆಡ್ತಿತ್ತು. ರಿಪೇರಿಗೆ ಬರೋ ಹುಡುಗ ಒಳ್ಳೆಯವನು. ಆಮೇಲಾಮೇಲೆ ಲಿಫ್ಟು ಕೆಡದಿದ್ರೂ ಬರ್ತಿದ್ದ. ಒಂದಿನ ಇಬ್ಬರೂ ರಿಜಿಸ್ಟರ್ ಆಫೀಸಿಗೆ ಹೋಗಿ ಮದುವೆ ಆಗ್ಬಿಟ್ರು. ಅಪ್ಪನಿಗೆ ಹೇಳೋಕೆ ಧೈರ್ಯ ಇಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ದಿನ ದೂಡಿದ್ಲು.

ಅಷ್ಟರಲ್ಲಿ ಒಬ್ಬ ಗಿರಾಕಿ, ಮುಖದ ತುಂಬ ನೊರೆ ಇಟ್ಕೊಂಡು ಕೂತವನು, ಕನ್ನಡೀಲಿ ನಗ್ತಾ, "ಏನ್ ಸಮುರಾಯ, ಮಗಳ ಮದುವೆ ಆಯ್ತಂತೆ, ನಮಗೆ ಒಂದು ಸಿಹಿನೂ ಇಲ್ವಾ?" ಅಂದ.

ನಾನು ಬೆಂಚಲ್ಲೇ ಇದ್ದೆ. ಈಗ ಛಾವಣಿ ಹಾರುತ್ತೆ ಅಂದ್ಕೊಂಡೆ. ಅವನು ಕನ್ನಡೀಲೇ ಸಣ್ಣಗೆ ನಕ್ಕ. ಕತ್ತಿ ಒರೆಸಿ, ಮಡಚಿ, ಡ್ರಾಯರಲ್ಲಿಟ್ಟ. ಗಿರಾಕಿ ಮುಖದ ನೊರೇನ ಟವಲಲ್ಲಿ ಮೆತ್ತಗೆ ಒರೆಸಿದ. ಹೋಗಿ ಬೋರ್ಡು ತಿರುಗಿಸಿದ.

ಅದು ಮತ್ತೆ ಈ ಕಡೆ ತಿರುಗಲೇ ಇಲ್ಲ. ತಿಂಗಳುಗಟ್ಟಲೆ ಕಟಿಂಗ್ ಮಾತ್ರ. ಬೇರೆ ಅಂಗಡಿಗೆ ಹೋಗೋಕೆ ನಮಗೂ ಮನಸ್ಸು ಬರಲ್ಲ. ಬೀದೀಲಿ ಎಲ್ಲಿ ನೋಡಿದ್ರೂ ಗಡ್ಡ. ಮೆಡಿಕಲ್ ಸ್ಟೋರಿನವನ ಗಡ್ಡಕ್ಕೆ ಚೀಟಿ ಸಿಕ್ಕಿಸಿದ್ರೆ ಸಂಜೆವರೆಗೂ ಬೀಳ್ತಿರಲಿಲ್ಲ. ಹೆಡ್‌ಮಾಸ್ಟರ ಗಡ್ಡದಲ್ಲಿ ಒಂದು ಗುಬ್ಬಿ ಮೊಟ್ಟೆ ಇಟ್ಟು, ಮರಿ ಹಾರಿ ಹೋಗೋವರೆಗೂ ಪಾಪ ಅವರು ಜೋರಾಗಿ ಸೀನಲಿಲ್ಲ.

"ಏನಯ್ಯಾ ಇದು?" ಅಂತ ಜಗಳಕ್ಕೇ ಹೋದೆ. "ಕೋಪ ಗೆಲ್ಲೋದು ಅಂದ್ರೆ ಡ್ರಾಯರಲ್ಲಿಟ್ಟು ಬೀಗ ಹಾಕೋದಾ?"

"ಇರೋದನ್ನ ಇಲ್ಲ ಅನ್ನೋಕಾಗಲ್ಲ ಯಜಮಾನ್ರೇ" ಅಂದ, ಅಷ್ಟೇ.

ಅವನ ಹೆಂಡತಿ ನನ್ನ ಹತ್ರ ಕಣ್ಣೀರು ಹಾಕಿದ್ಲು. "ಮೊದಲಿನ ಹಾಗೆ ಕೂಗಾಡಿದ್ರೆ ಎಷ್ಟೋ ಚೆನ್ನಾಗಿತ್ತು ಯಜಮಾನ್ರೇ. ಈ ಮೌನ ನೋಡೋಕಾಗಲ್ಲ. ನಾಳೆ ಅಳಿಯ ಅಂಗಡಿಗೆ ಬರ್ತಾನೆ, ನೀವು ಅಲ್ಲಿರಿ. ಶೇವಿಂಗ್ ಮಾಡಿ ಅಂತ ಕೇಳ್ತಾನೆ. ಮಾಡಿದ್ರೆ ಅಪ್ಪನ ಕೋಪ ಹೋಗಿದೆ ಅಂತ ಮಗಳ ಲೆಕ್ಕ, ಯಾಕಂದ್ರೆ ಅಪ್ಪ ಕತ್ತೀಲಿ ಸುಳ್ಳು ಹೇಳಲ್ಲ. ಮಾಡ್ದಿದ್ರೆ ಇನ್ನೆಂದೂ ಈ ಬೀದಿಗೆ ಕಾಲಿಡಲ್ಲ ಅಂತ ಮಗಳು ಹಠ ಹಿಡಿದು ಕೂತಿದಾಳೆ."

ಬೆಳಿಗ್ಗೆ ಹೋಗಿ ಬೆಂಚ್ ಹಿಡಿದೆ. ಬಂದ ನೋಡಿ ಅಳಿಯ. ಆಳು ಬೀರುವಿನ ಹಾಗೆ, ಮುಖದ ತುಂಬ ಕಪ್ಪು ಗಡ್ಡ, ಕಣ್ಣು ಮಾತ್ರ ಕರುವಿನದ್ದು. ಸೀದಾ ಬಂದು ಕುರ್ಚೀಲಿ ಕೂತ. ರಸ್ತೆ ಆಚೆ ಮೆಡಿಕಲ್ ಸ್ಟೋರಿನ ನೆರಳಲ್ಲಿ ಮಗಳು ನಿಂತಿದ್ಲು.

"ಬೋರ್ಡು ನೋಡಲಿಲ್ವಾ?" ಅಂದ ಸಮುರಾಯ.

"ನೋಡಿದೆ ಮಾವ."

"ಓದೋಕೆ ಬರುತ್ತಲ್ಲ?"

"ಬರುತ್ತೆ ಮಾವ."

"ಮಾವ ಗೀವ ಅನ್ಬೇಡ. ಕಟಿಂಗ್ ತಾನೇ?"

"ಅಲ್ಲ. ಶೇವಿಂಗ್."

ಸಮುರಾಯ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ನಾನು ಯಾರು ಅಂತ ಗೊತ್ತು. ನನ್ನ ಕೋಪ ಎಂಥದ್ದು ಅಂತಾನೂ ಹೇಳಿರ್ತಾಳೆ. ಭಯ ಇಲ್ವೇನೋ?"

"ಇದೆ ಮಾವ. ಲಿಫ್ಟ್ ಓಡಾಡೋ ಗುಂಡೀಲಿ ನೇತಾಡೋವಾಗ್ಲೂ ಭಯ ಇರುತ್ತೆ. ಮೇಲೆ ಹಗ್ಗ ಹಿಡಿದಿರೋನು ಬಿಡಲ್ಲ ಅಂತ ನಂಬಿ ಕೆಲಸ ಮಾಡ್ತೀನಿ." ಅಷ್ಟು ಹೇಳಿ ತಲೆ ಹಿಂದಕ್ಕೆ ಒರಗಿಸಿ, ಕುತ್ತಿಗೆ ಮೇಲೆತ್ತಿ ಕಣ್ಣು ಮುಚ್ಚಿದ.

ಸಮುರಾಯ ಆ ಕುತ್ತಿಗೆ ನೋಡಿದ. ಆಮೇಲೆ ಡ್ರಾಯರ್ ಎಳೆದ. ಕತ್ತೀನ ಚರ್ಮದ ಪಟ್ಟಿ ಮೇಲೆ ಸಾಣೆ ಹಿಡಿದ. ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ, ಕಣ್ಣು ಮುಚ್ಚಿದ್ದವನಿಗೆ ಅದು ಕಾಣಲಿಲ್ಲ. ನೊರೆ ಹಚ್ಚಿ ಶುರು ಮಾಡಿದ. ಬಲಗೆನ್ನೆ ಬೆಣ್ಣೆ ಹಾಗೆ ನುಣ್ಣಗಾಯ್ತು. ಕತ್ತಿ ಈ ಕಡೆ ತರೋಕೆ ಅಂತ ತಲೆ ಎತ್ತಿದ್ದಾನೆ, ಕನ್ನಡೀಲಿ ರಸ್ತೆ ಆಚೆ ನಿಂತಿದ್ದ ಮಗಳು ಕಂಡ್ಲು. ಕೈ ನಿಂತು ಹೋಯ್ತು.

ಕತ್ತಿ ಒರೆಸಿ ಮಡಚಿಟ್ಟ. "ಇವತ್ತಿಗೆ ಇಷ್ಟೇ."

"ಯಾಕೆ ಮಾವ?"

"ಅರ್ಧ ಕೋಪ ಹೋಗಿದೆ. ಇನ್ನರ್ಧ ಇದೆ. ಅದು ಇರೋವಾಗ ಮುಟ್ಟಲ್ಲ. ನಾಳೆ ಬಾ."

"ಅಯ್ಯೋ ಪಾಪಿ, ಹೀಗೆ ಕಳಿಸ್ತೀಯಾ?" ಅಂದೆ. ಅಳಿಯ ಮಾತ್ರ ಸಾಧು ಪ್ರಾಣಿ. ಎದ್ದ, "ಆಯ್ತು ಮಾವ" ಅಂದ, ಒಂದು ಕಡೆ ಗಡ್ಡ ಒಂದು ಕಡೆ ನುಣುಪು ಇಟ್ಕೊಂಡು ರಸ್ತೆ ದಾಟಿದ. ಬಲಗಡೆಯಿಂದ ಬಂದ ಸೈಕಲ್ಲಿನವನಿಗೆ ಒಬ್ಬ ಕಂಡ, ಎಡಗಡೆಯಿಂದ ಬಂದವನಿಗೆ ಇನ್ನೊಬ್ಬ ಕಂಡ.

ಮಗಳು ಗಂಡನ ಮುಖ ನೋಡಿದ್ಲು. ಮರುಕ್ಷಣ ಅಕ್ಕಪಕ್ಕ ನೋಡದೆ ರಸ್ತೆ ದಾಟಿ, ಇನ್ನೆಂದೂ ಈ ಬೀದಿಗೆ ಕಾಲಿಡಲ್ಲ ಅಂದಿದ್ದವಳು ಅಂಗಡಿಯೊಳಗೇ ಬಂದು ನಿಂತಿದ್ಲು.

"ಏನಪ್ಪಾ ಇದು! ಬೇಡ ಅಂದ್ರೆ ಪೂರ್ತಿ ಬೇಡ ಅನ್ನು, ಬೇಕಂದ್ರೆ ಪೂರ್ತಿ ಬೇಕು ಅನ್ನು! ಅರ್ಧ ಅಳಿಯನ್ನ ಯಾರಾದ್ರೂ ಇಟ್ಕೊಳ್ತಾರಾ?"

ನಾನು ಎರಡೂ ಕೈಯಲ್ಲಿ ಕಿವಿ ಮುಚ್ಕೊಂಡೆ. ಸಮುರಾಯ ಕೈ ಕಟ್ಕೊಂಡು ನಿಂತ.

"ಯಾಕೆ ಹೇಳಲಿಲ್ಲ ಅಂತ ತಾನೇ ನಿನ್ನ ಸಿಟ್ಟು? ಹೇಗೆ ಹೇಳಲಿ? ನಿನ್ನ ಗಿರಾಕಿಗಳು ಬೋರ್ಡು ನೋಡಿ ವಾಪಸ್ ಹೋಗ್ತಾರೆ. ನಾನು ಎಲ್ಲಿಗೆ ಹೋಗಲಿ? ಮನೆ ಬಾಗಿಲಿಗೆ ಬೋರ್ಡು ಹಾಕಿದ್ಯಾ ನೀನು?"

ಅವನ ಕುತ್ತಿಗೆ ನರ ಎದ್ದಿದ್ದು ನನಗೆ ಕಾಣ್ತು. ಹಾಗೇ ಇಳಿದಿದ್ದೂ ಕಾಣ್ತು. "ಮುಗೀತಾ?" ಅಂದ.

"ಇಲ್ಲ!"

"ಹಾಗಾದ್ರೆ ಮುಗಿಸಮ್ಮ. ಕೇಳ್ತೀನಿ."

ಅವಳು ಮುಗಿಸಿದ್ಲು. ಹಳೇದು, ಹೊಸದು, ಸ್ಕೂಲಿನ ದಿನದ್ದು, ಬಲೂನಿಂದು ಎಲ್ಲ ಬಂತು. ಮಾತು ಖಾಲಿ ಆದ್ಮೇಲೆ ಅಳು ಬಂತು. ಅಲ್ಲೀವರೆಗೂ ಅವನು ಒಂದಕ್ಕೂ ಎದುರು ಹೇಳಲಿಲ್ಲ. ಇಷ್ಟು ವರ್ಷದಲ್ಲಿ ನಾನು ಕಂಡ ದೊಡ್ಡ ಯುದ್ಧ ಅದು. ಒಬ್ಬ ಮನುಷ್ಯ ನಿಂತಲ್ಲೇ ನಿಂತು ಮಗಳ ಬೈಗುಳ ಪೂರ್ತಿ ಕೇಳಿದ.

ಆಮೇಲೆ ಮೆಲ್ಲಗೆ ಹೇಳಿದ. "ಅವನ ಮುಖದ ತುಂಬ ನೊರೆ ಇತ್ತು ಕಣಮ್ಮ. ನಿನ್ನ ಮದುವೆ ಸುದ್ದಿ ಹೇಳಿದವನದ್ದು. ಕನ್ನಡೀಲಿ ನಗ್ತಿದ್ದ. ಗೊತ್ತಿರೋನ ಹಾಗೆ ನಾನೂ ನಗಬೇಕಾಯ್ತು."

ಅವಳು ಅಳು ನಿಲ್ಲಿಸಿ ನೋಡಿದ್ಲು.

"ನೀನು ಹೇಳಿದ್ರೆ ಕೂಗಾಡ್ತಿದ್ದೆ. ಖಂಡಿತ ಕೂಗಾಡ್ತಿದ್ದೆ. ಆಮೇಲೆ ಹೊಸ ಅಂಗಿ ಹಾಕ್ಕೊಂಡು ಬರ್ತಿದ್ದೆ."

"ಅಪ್ಪಾ..." ಅಂದ್ಲು.

ಅವನು ನನ್ನ ಕಡೆ ತಿರುಗಿದ. "ಇದನ್ನ ಕೋಪ ಅಂದ್ಕೊಂಡು ಇಷ್ಟು ದಿನ ಬೋರ್ಡು ಹಾಕಿದ್ದೆ ಯಜಮಾನ್ರೇ. ಇದು ಅದಲ್ಲ. ಇದಕ್ಕೆ ಬೋರ್ಡೇ ಬರೆಸಿರಲಿಲ್ಲ ನಾನು." ಬಾಗಿಲಿಗೆ ಹೋಗಿ ರಟ್ಟು ತಿರುಗಿಸಿ, ರಸ್ತೆ ಆಚೆಗೆ ಕೂಗಿದ: "ಏ, ಬಾರಯ್ಯಾ! ಇನ್ನೊಂದು ಕೆನ್ನೆ ತಗೊಂಡು ಬಾ!"

ಅಳಿಯ ಬಂದು ಕೂತ. ಹೆದರಿಕೆಗೆ ಹಿಂದಿನ ರಾತ್ರಿಯಿಡೀ ನಿದ್ದೆ ಮಾಡಿರಲಿಲ್ಲವಂತೆ. ಬಿಸಿನೀರು, ಬ್ರಷ್ಷು, ಮಾವನ ಹಗುರ ಕೈ. ಎಡಗೆನ್ನೆ ಆಗಿ ಕತ್ತಿ ಗಂಟಲ ಮೇಲಿರೋವಾಗಲೇ ಬಾಯಿ ತೆಗೆದು ನಿದ್ದೆ ಹೋದ. ಸಮುರಾಯ ಕೈ ಹಿಂದೆ ತೆಗೆದು, ಅವನ ಮುಖ ನೋಡಿ, ಇನ್ನೂ ಮೆತ್ತಗೆ ಮುಂದುವರಿಸಿದ.

"ಗೊರಕೆ ಹೊಡೀತಾನಾ?" ಅಂತ ಮಗಳನ್ನ ಪಿಸುಮಾತಲ್ಲಿ ಕೇಳಿದ.

"ಸ್ವಲ್ಪ" ಅಂದ್ಲು ಅವಳೂ ಪಿಸುಮಾತಲ್ಲಿ.

"ನಿಮ್ಮಮ್ಮನಷ್ಟಾ?"

"ಅಷ್ಟಿಲ್ಲ ಬಿಡಪ್ಪ."

ಬೋರ್ಡು ತಿರುಗಿರೋ ಸುದ್ದಿ ಹರಡೋಕೆ ಎಷ್ಟು ಹೊತ್ತು? ಗಡ್ಡದವರೆಲ್ಲ ಸಾಲಾಗಿ ಬಂದ್ರು. ಕೆಲಸ ಯಾವಾಗ್ಲೋ ಮುಗಿದಿತ್ತು, ಆದ್ರೆ ಇರೋ ಒಂದೇ ಕುರ್ಚೀಲಿ ಆ ಬೀರು ಮಲಗಿತ್ತು. ಮೆಡಿಕಲ್ ಸ್ಟೋರಿನವನು ಬಾಗಿಲಲ್ಲಿ ಇಣುಕಿ, "ಎಬ್ಬಿಸಯ್ಯಾ, ಅಂಗಡಿ ಬಿಟ್ಟು ಬಂದಿದೀನಿ" ಅಂದ.

ಸಮುರಾಯ ಟವಲನ್ನ ಹುಡುಗನ ಎದೆ ಮೇಲೆ ಸರಿಯಾಗಿ ಹೊದಿಸಿದ. "ಶ್! ಹೊರಗೆ ಕೂತಿರಿ ಎಲ್ಲ" ಅಂದ. "ನಮ್ಮ ಅಳಿಯಂದಿರು ಮಲಗಿದಾರೆ."